ಫೋಲ್ಡರ್ ಬಂತು, ಸಾಫ್ಟ್‌ವೇರ್ ಬರಲಿಲ್ಲ

ಹೊಸ ಹಾರ್ಡ್ ಡಿಸ್ಕ್ ಕೂರಿಸಿ ವಿಂಡೋಸ್ ಹಾಕಿಕೊಂಡ ಮೇಲೆ ಅನೇಕರು ಹಳೆಯ ಡಿಸ್ಕನ್ನು ಯುಎಸ್‌ಬಿ ಕೇಸಿನಲ್ಲಿಟ್ಟು ಜೋಡಿಸಿ, ಅದರ ‘ಪ್ರೋಗ್ರಾಮ್ ಫೈಲ್ಸ್’ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿಕೊಳ್ಳುತ್ತಾರೆ. ಕಾಪಿ ತಕರಾರಿಲ್ಲದೆ ಮುಗಿಯುತ್ತದೆ. ಆದರೆ ಸಾಫ್ಟ್‌ವೇರಿನ ಐಕಾನ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ವಿಸಿರನ್‌ಟೈಮ್140.ಡಿಎಲ್‌ಎಲ್ ಸಿಗಲಿಲ್ಲ’ ಎಂಬಂಥ ಸಂದೇಶ ಕಾಣಿಸಿಕೊಳ್ಳುತ್ತದೆ. ಫೋಟೊಗಳೂ ಪತ್ರಗಳೂ ಕಾಪಿ ಮಾಡಿದ ಕೂಡಲೇ ತೆರೆದುಕೊಳ್ಳುವಾಗ ಸಾಫ್ಟ್‌ವೇರಿಗೆ ಮಾತ್ರ ಏನು ತೊಂದರೆ?

ವಿಂಡೋಸಿಗೂ ಹಿಂದಿನ ಡಾಸ್ ಕಾಲದ ಬಹಳಷ್ಟು ಸಾಫ್ಟ್‌ವೇರುಗಳ ಸಂಸಾರವೆಲ್ಲ ಒಂದೇ ಡೈರೆಕ್ಟರಿಯಲ್ಲಿರುತ್ತಿತ್ತು. ಅದನ್ನು ಫ್ಲಾಪಿಯಲ್ಲಿ ಒಯ್ದು ಇನ್ನೊಂದು ಕಂಪ್ಯೂಟರಿಗೆ ಇಳಿಸಿದರೆ ಕೆಲಸ ನಡೆಯುತ್ತಿತ್ತು. ವಿಂಡೋಸ್ 95ರಿಂದೀಚೆಗೆ ಇನ್‌ಸ್ಟಾಲ್ ಮಾಡುವುದೆಂದರೆ ಹಂಚಿ ಇಡುವುದು ಎಂದಾಯಿತು. ಮುಖ್ಯ ಫೈಲುಗಳು ಪ್ರೋಗ್ರಾಮ್ ಫೈಲ್ಸ್‌ಗೆ, ಹಲವು ಸಾಫ್ಟ್‌ವೇರುಗಳು ಸೇರಿ ಬಳಸುವ ಕೋಡಿನ ಫೈಲುಗಳಾದ ಡಿಎಲ್‌ಎಲ್‌ಗಳು ಸಿಸ್ಟಮ್32 ಫೋಲ್ಡರಿಗೆ, ನಮ್ಮ ಸೆಟ್ಟಿಂಗುಗಳು ಆಪ್‌ಡೇಟಾ ಫೋಲ್ಡರಿಗೆ ಹೋಗುತ್ತವೆ. ಯಾವುದು ಎಲ್ಲಿದೆ, ಯಾವ ಬಗೆಯ ಫೈಲನ್ನು ಯಾರು ತೆರೆಯಬೇಕು ಎಂಬ ದಾಖಲೆಗಳು ರಿಜಿಸ್ಟ್ರಿಯಲ್ಲಿ ಕೂರುತ್ತವೆ. ರಿಜಿಸ್ಟ್ರಿಯನ್ನು ಪಹಣಿಗೆ ಹೋಲಿಸಬಹುದು. ಜಮೀನು ಕಣ್ಣೆದುರಿಗೇ ಇದ್ದರೂ ಪಹಣಿಯಲ್ಲಿ ಹೆಸರಿಲ್ಲದವನಿಗೆ ಬ್ಯಾಂಕು ಬೆಳೆಸಾಲ ಕೊಡುವುದಿಲ್ಲ. ಕಾಪಿಯಾಗಿ ಬಂದ ಫೋಲ್ಡರಿನ ಪಾಡೂ ಅದೇ.

ಹಾಗಾದರೆ ಹಳೆಯ ರಿಜಿಸ್ಟ್ರಿಯನ್ನೂ ಎತ್ತಿ ತರಬಾರದೇಕೆ? ಅದೂ ‘ವಿಂಡೋಸ್’ ಫೋಲ್ಡರಿನಡಿ ಸಿಸ್ಟಮ್32ರ ‘ಕಾನ್ಫಿಗ್’ನಲ್ಲಿ ‘ಸಾಫ್ಟ್‌ವೇರ್’, ‘ಸಿಸ್ಟಮ್’ ಮುಂತಾದ ಹೆಸರಿನ ಫೈಲುಗಳಾಗಿಯೇ ಇರುತ್ತದೆ. ಆದರೆ ಹಳೆಯ ವಿಂಡೋಸಿನ ಡ್ರೈವರುಗಳು, ಸರ್ವೀಸುಗಳು, ಬಳಕೆದಾರರ ಗುರುತಿನ ಸಂಖ್ಯೆಗಳೆಲ್ಲ ಅದರಲ್ಲಿ ಹೆಣೆದುಕೊಂಡಿರುವುದರಿಂದ, ಹೊಸ ವಿಂಡೋಸಿನ ಮೇಲೆ ಅದನ್ನು ಹೇರಿದರೆ ಕಂಪ್ಯೂಟರ್ ಬೂಟ್ ಆಗದೆಯೂ ಹೋದೀತು. ಓದಿಕೊಳ್ಳಲು ಮಾತ್ರ ಅದು ಬಹಳ ಉಪಯೋಗಿ. ರಿಜಿಸ್ಟ್ರಿ ಎಡಿಟರಿನ ‘ಲೋಡ್ ಹೈವ್’ ಆಯ್ಕೆಯ ಮೂಲಕ ಹಳೆಯ ಡಿಸ್ಕಿನ ‘ಸಾಫ್ಟ್‌ವೇರ್’ ಫೈಲನ್ನು ತಾತ್ಕಾಲಿಕವಾಗಿ ತೆರೆದು, ಅದರ ‘ಅನ್‌ಇನ್‌ಸ್ಟಾಲ್’ ಎಂಬ ಕೀಯೊಳಗೆ (ರಿಜಿಸ್ಟ್ರಿಯಲ್ಲಿ ಫೋಲ್ಡರಿನಂಥದ್ದು) ಹೋದರೆ, ಆ ಕಂಪ್ಯೂಟರಿನಲ್ಲಿದ್ದ ಹೆಚ್ಚಿನ ಸಾಫ್ಟ್‌ವೇರುಗಳ ಹೆಸರು, ಆವೃತ್ತಿಗಳು ಸಿಗುತ್ತವೆ. ಹಳೆಯ ವಿಂಡೋಸ್ ಏಳದಿದ್ದರೂ ಚಿಂತೆಯಿಲ್ಲ, ಡಿಸ್ಕ್ ಓದುವಂತಿದ್ದರೆ ಸಾಕು. ಮರೆತುಹೋದ ಸಣ್ಣಪುಟ್ಟ ಸಾಫ್ಟ್‌ವೇರುಗಳೂ ನೆನಪಿಗೆ ಬರುವುದು ಇಲ್ಲಿಯೇ.

ಹಳೆಯ ಡಿಸ್ಕ್ ಇನ್ನೂ ಗಟ್ಟಿಯಾಗಿದ್ದರೆ ಈ ಪರದಾಟವೇ ಬೇಡ. ಇಡೀ ಡಿಸ್ಕನ್ನು ಕ್ಲೋನ್ ಮಾಡಿದರೆ, ಅಂದರೆ ಇದ್ದದ್ದು ಇದ್ದಂತೆಯೇ ಹೊಸ ಡಿಸ್ಕಿಗೆ ನಕಲಿಸಿದರೆ, ರಿಜಿಸ್ಟ್ರಿಯೂ ಡಿಎಲ್‌ಎಲ್‌ಗಳೂ ಪರಸ್ಪರ ಸಂಬಂಧ ಕಡಿದುಕೊಳ್ಳದೆ ಒಟ್ಟಿಗೇ ಬರುತ್ತವೆ. ಅಲ್ಲಲ್ಲಿ ಸೆಕ್ಟರುಗಳು (ಡಿಸ್ಕಿನ ಪುಟ್ಟ ಭಾಗಗಳು) ಕೆಟ್ಟಿದ್ದರೆ ಸಾಧಾರಣ ಕ್ಲೋನಿಂಗ್ ಸಾಫ್ಟ್‌ವೇರ್ ಅಲ್ಲಿಯೇ ಮುಗ್ಗರಿಸಬಹುದು. ಜಿಎನ್‌ಯು ಡಿಡಿರೆಸ್ಕ್ಯೂ ಎಂಬ, ಕೆಟ್ಟ ಡಿಸ್ಕಿನಿಂದ ಮಾಹಿತಿ ಹೊರತೆಗೆಯುವ ಸಾಧನ ಮೊದಲು ಸಲೀಸಾಗಿ ಓದಬಹುದಾದ ಭಾಗಗಳನ್ನೆಲ್ಲ ಬಾಚಿಕೊಂಡು, ಕೆಟ್ಟ ಜಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಸಾಯುತ್ತಿರುವ ಡಿಸ್ಕಿನ ಮಟ್ಟಿಗೆ ಇದೇ ಸರಿಯಾದ ಕ್ರಮವೆಂದು ನನ್ನ ಅಭಿಪ್ರಾಯ. ಲೈಸೆನ್ಸನ್ನು ಡಿಸ್ಕಿನ ಗುರುತಿಗೆ ಕಟ್ಟಿಹಾಕುವ ಕೆಲವು ಸಾಫ್ಟ್‌ವೇರುಗಳು ಕ್ಲೋನ್ ಆದ ಮೇಲೂ ಮತ್ತೆ ಆ್ಯಕ್ಟಿವೇಶನ್ ಕೇಳಬಹುದು.

ಲಿನಕ್ಸಿನವರಿಗೆ ಈ ವಿಷಯದಲ್ಲಿ ನೆಮ್ಮದಿ ಹೆಚ್ಚು. ಉಬುಂಟುವಿನಲ್ಲಿ ನಾವಾಗಿ ಹಾಕಿಕೊಂಡ ಪ್ಯಾಕೇಜುಗಳ ಪಟ್ಟಿಯನ್ನು ‘ಆ್ಯಪ್ಟ್-ಮಾರ್ಕ್’ ಎಂಬ ಕಮಾಂಡ್ ಕೊಡುತ್ತದೆ. ಆ ಪುಟ್ಟ ಪಠ್ಯದ ಫೈಲಿದ್ದರೆ ಹೆಚ್ಚಿನವನ್ನು ಇಂಟರ್‌ನೆಟ್ಟಿನಿಂದ ಮತ್ತೆ ತರಿಸಿಕೊಳ್ಳಬಹುದು. ವಿಂಡೋಸಿಗೂ 2021ರಲ್ಲಿ ‘ವಿನ್‌ಗೆಟ್’ ಎಂಬ ಇಂಥದೇ ಸಾಧನದ ಮೊದಲ ಸ್ಥಿರ ಆವೃತ್ತಿ ಬಂದು, ಪಟ್ಟಿಯನ್ನು ಬರೆದಿಟ್ಟುಕೊಂಡು ಅದರಿಂದಲೇ ಸಾಫ್ಟ್‌ವೇರುಗಳನ್ನು ಮತ್ತೆ ಹಾಕಿಕೊಳ್ಳುವ ಸೌಲಭ್ಯ ದೊರೆಯಿತು. ಇವು ಸಾಫ್ಟ್‌ವೇರನ್ನು ಮಾತ್ರ ತರುತ್ತವೆ, ನಮ್ಮ ಸೆಟ್ಟಿಂಗುಗಳನ್ನಲ್ಲ. ಅವಕ್ಕೆ ಆಪ್‌ಡೇಟಾವನ್ನೇ ಹುಡುಕಬೇಕು.

ಕನ್ನಡದ ಡಿಟಿಪಿ ಮಾಡುವವರಿಗೆ ಇನ್ನೊಂದು ಗಂಟಿದೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳನ್ನು ಹೊಸ ಡಿಸ್ಕಿನಲ್ಲಿ ತೆರೆದರೆ, ‘ಕ’ ಇರಬೇಕಾದಲ್ಲಿ ರೋಮನ್ ‘ಪಿ’, ಅದರ ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ‘ಎ’ ಕಾಣಿಸುತ್ತವೆ. ಫೈಲು ಕೆಟ್ಟಿಲ್ಲ, ಅದರೊಳಗೆ ಇರುವುದೇ ರೋಮನ್ ಅಕ್ಷರಗಳ ಸಂಕೇತಗಳು, ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದ ಫಾಂಟು ಹಳೆಯ ಡಿಸ್ಕಿನಲ್ಲೇ ಉಳಿದಿದೆ. ಅದನ್ನು ಎಕ್ಸ್‌ಪ್ಲೋರರಿನಲ್ಲಿ ‘ಫಾಂಟ್ಸ್’ ಫೋಲ್ಡರಿಗೆ ಎಳೆದು ಹಾಕಿದರೆ ಅಕ್ಷರಗಳು ಮರಳುತ್ತವೆ. ಇಲ್ಲಿ ಬರೀ ಕಾಪಿಯಿಂದ ಕೆಲಸವಾದಂತೆ ಕಂಡರೂ, ಎಕ್ಸ್‌ಪ್ಲೋರರ್ ಸದ್ದಿಲ್ಲದೆ ಫಾಂಟಿನ ಹೆಸರನ್ನು ರಿಜಿಸ್ಟ್ರಿಗೂ ಸೇರಿಸಿರುತ್ತದೆ. ಅದೇ ಫೈಲನ್ನು ಕಮಾಂಡ್ ಪ್ರಾಂಪ್ಟಿನಿಂದ ಅಲ್ಲಿಗೆ ಕಾಪಿ ಮಾಡಿದರೆ ಆ ದಾಖಲೆ ಆಗುವುದಿಲ್ಲ.