ಸಣ್ಣ ವಿಶ್ವವಿದ್ಯಾಲಯದಲ್ಲಿ ಕಲೆ ಓದಿದರೆ ಹಿಂದೆ ಬೀಳ್ತೀನಾ?

ಓದುಗರ ಪ್ರಶ್ನೆ: ನನಗೆ ಸೀಟು ಸಿಕ್ಕಿರುವುದು ಒಂದು ಸಣ್ಣ ವಿಶ್ವವಿದ್ಯಾಲಯದ ಕಲಾ ವಿಭಾಗದಲ್ಲಿ. ಇಡೀ ವಿಭಾಗಕ್ಕೆ ಮೂರೇ ಮೇಷ್ಟ್ರು. ಇಲ್ಲೇ ಸೇರಲೋ, ದೊಡ್ಡ ಕಲಾಶಾಲೆಗೆ ಇನ್ನೊಂದು ವರ್ಷ ಕಾಯಲೋ?

ಸೇರುವ ಮೊದಲು ಅಲ್ಲಿಗೆ ಹೋಗಿ ಒಂದೇ ಒಂದು ವಿಷಯ ಕೇಳಿ ಬನ್ನಿ: ಸಂಜೆ ಮೇಲೆ ಸ್ಟುಡಿಯೊದ ಬೀಗದ ಕೈ ವಿದ್ಯಾರ್ಥಿಗಳ ಕೈಗೆ ಸಿಗುತ್ತದಾ? ರ‍್ಯಾಂಕಿಂಗು, ಹೆಸರು, ಕಟ್ಟಡ ಎಲ್ಲಾ ಆಮೇಲೆ.

ಯಾಕೆ ಅಂದರೆ, ಸ್ಟುಡಿಯೊ ಕಲೆ ತರಗತಿಯಲ್ಲಿ ಮುಗಿಯುವ ಓದಲ್ಲ. ತರಗತಿ ಸಾಮಾನ್ಯವಾಗಿ ಮೂರು ಗಂಟೆ ಇರುತ್ತದೆ. ಅದರಲ್ಲಿ ಅರ್ಧ ಗಂಟೆ ಸಾಮಾನು ಹರಡುವುದಕ್ಕೆ, ಅರ್ಧ ಗಂಟೆ ತೊಳೆದು ಎತ್ತಿಡುವುದಕ್ಕೆ ಹೋಗುತ್ತದೆ. ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ಅದರಿಂದ ಚಿತ್ರ ಅಚ್ಚು ಹಾಕುವ ಕೆಲಸವನ್ನೇ ನೋಡಿ. ತಾಮ್ರದ ತಗಡಿನ ಅಂಚು ಅರದಿಂದ ಉಜ್ಜಬೇಕು, ಇಲ್ಲದಿದ್ದರೆ ಕಾಗದ ಹರಿಯುತ್ತದೆ. ಮೇಲೆ ಮೇಣದಂಥ ಲೇಪ ಹಚ್ಚಬೇಕು. ಅದು ಒಣಗಿದ ಮೇಲೆ ಸೂಜಿಯಲ್ಲಿ ಗೀಚಬೇಕು, ಫೆರಿಕ್ ಕ್ಲೋರೈಡ್‌ನಲ್ಲಿ ಮುಳುಗಿಸಿ ಕಾಯಬೇಕು. ಗೀಚಿದ ಗೆರೆಯನ್ನು ಅದು ಮೆಲ್ಲಗೆ ಕೊರೆಯುತ್ತದೆ. ಆಮೇಲೆ ಮಸಿ ಬಳಿದು, ಒರಟು ಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಂಗೈಯಲ್ಲೇ ಸವರಿ, ಒದ್ದೆ ಮಾಡಿಟ್ಟ ಕಾಗದದ ಜೊತೆ ಪ್ರೆಸ್ಸಿನಡಿ ತಳ್ಳಬೇಕು. ಇಷ್ಟೆಲ್ಲಾ ಆಗಿ ಮೊದಲ ಪ್ರಿಂಟು ಕೆಟ್ಟದಾಗಿಯೇ ಬರುತ್ತದೆ! ಒರೆಸಿದ್ದು ಜಾಸ್ತಿಯಾಯಿತು ಅಂತ ಆಗ ಗೊತ್ತಾಗುತ್ತದೆ. ಮತ್ತೆ ಮಸಿ ಬಳಿ. ಇದು ರಾತ್ರಿ ಹೊತ್ತಿನ ಕೆಲಸ.

ದೊಡ್ಡ ಕಡೆ ಪ್ರೆಸ್ಸಿಗೆ ಸರದಿ ಕಾಯಬೇಕಾಗಬಹುದು. ಸಣ್ಣ ಕಡೆ ಅದು ಬಹಳ ಹೊತ್ತು ಸುಮ್ನೆ ನಿಂತಿರುತ್ತದೆ. ಅಥವಾ ಪ್ರೆಸ್ಸೇ ಇರುವುದಿಲ್ಲ, ಅದೂ ಉಂಟು. ಹಾಗಾಗಿ ಏನೇನಿದೆ ಅಂತ ಕಣ್ಣಾರೆ ನೋಡಿ. ಮಣ್ಣು ಸುಡುವ ಕಿಲ್ನ್ ಇದೆ ಅಂದರೆ ಸಾಲದು, ಕೊನೆಯ ಸಲ ಯಾವಾಗ ಉರಿಸಿದರು ಅಂತ ಕೇಳಿ. ಸ್ಟೋನ್‌ವೇರ್ ಅನ್ನುವ ಗಟ್ಟಿ ಮಣ್ಣಿನ ಪಾತ್ರೆಗೆ ಸುಮಾರು 1200 ಡಿಗ್ರಿ ಸೆಲ್ಸಿಯಸ್ ದಾಟಬೇಕು, ತಣ್ಣಗಾಗುವುದಕ್ಕೇ ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಅದನ್ನು ನೋಡಿಕೊಳ್ಳುವ ಜನ ಇಲ್ಲದಿದ್ದರೆ ಕಿಲ್ನ್ ಬರೀ ಕಬ್ಬಿಣದ ಪೆಟ್ಟಿಗೆ. ಎಣ್ಣೆಬಣ್ಣದ ಕೋಣೆಯಲ್ಲಿ ಮುಚ್ಚಳವಿರುವ ಲೋಹದ ಡಬ್ಬಿ ಇದೆಯಾ ನೋಡಿ. ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಹುದು. ಆ ಡಬ್ಬಿ ಇರುವ ಜಾಗದಲ್ಲಿ ಯಾರೋ ಜವಾಬ್ದಾರಿಯಿಂದ ಪಾಠ ಮಾಡುತ್ತಿದ್ದಾರೆ ಅಂತ ನಾನು ನಂಬುತ್ತೇನೆ.

ಇನ್ನು ಮೂರೇ ಮೇಷ್ಟ್ರ ವಿಷಯ. ನಾನೂ ಅಂಥದೇ ಕಡೆ ಓದಿದವನು, ತರಗತಿಯಲ್ಲಿ ಎಂಟು ಜನ. ವಾರಕ್ಕೊಮ್ಮೆ ಕ್ರಿಟ್: ಮಾಡಿದ್ದನ್ನು ಗೋಡೆಗೆ ಅಂಟಿಸಬೇಕು, ಉಳಿದವರು ಮಾತಾಡಬೇಕು. ಎಂಟು ಜನರಲ್ಲಿ ಅಡಗುವುದಕ್ಕೆ ಜಾಗ ಇರುವುದಿಲ್ಲ. ಮೊದಲ ಸಲ ನಾನು ಚಿತ್ರದ ಹಿಂದಿನ ಭಾವನೆ ವಿವರಿಸಲು ಶುರು ಮಾಡಿದೆ. ಮೇಷ್ಟ್ರು ಕೈ ಎತ್ತಿ, 'ನೀನು ಕೂತ್ಕೋ, ಅವರು ನೋಡಲಿ' ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಳು, 'ನನ್ನ ಕಣ್ಣು ಪದೇ ಪದೇ ಬಲಗಡೆ ಕೆಳಗಿನ ಮೂಲೆಗೆ ಹೋಗ್ತಾ ಇದೆ' ಅಂದಳು. ಅಲ್ಲಿ ಏನೂ ಇರಲಿಲ್ಲ, ಉಳಿದ ಹಳದಿ ಬಣ್ಣವನ್ನು ಸುಮ್ನೆ ಬಳಿದಿದ್ದೆ ಅಷ್ಟೇ. ಇಡೀ ಚಿತ್ರದಲ್ಲಿ ಅಷ್ಟು ಗಾಢ ಹಳದಿ ಇದ್ದದ್ದು ಅಲ್ಲಿ ಮಾತ್ರ. ಮುಖ ಬರೆಯಲು ಎರಡು ವಾರ ತೆಗೆದುಕೊಂಡಿದ್ದೆ, ಅದನ್ನು ಯಾರೂ ನೋಡಲೇ ಇಲ್ಲ.

ಸಣ್ಣ ಶಾಲೆ ಅಂದ ತಕ್ಷಣ ನೆನಪಾಗುವುದು ಅಮೆರಿಕದ ಬ್ಲ್ಯಾಕ್ ಮೌಂಟನ್ ಕಾಲೇಜು. ನಾರ್ತ್ ಕೆರೊಲಿನಾದ ಬೆಟ್ಟಗಳ ನಡುವೆ 1933ರಲ್ಲಿ ಶುರುವಾಯಿತು. ಅದೇ ವರ್ಷ ಜರ್ಮನಿಯಲ್ಲಿ ಬೌಹೌಸ್ ಅನ್ನುವ ಹೆಸರಾಂತ ಕಲಾಶಾಲೆ ಮುಚ್ಚಿತ್ತು, ಅಲ್ಲಿ ಪಾಠ ಮಾಡುತ್ತಿದ್ದ ಕಲಾವಿದ ಯೋಸೆಫ್ ಆಲ್ಬರ್ಸ್ ಈ ಕಾಲೇಜಿಗೆ ಪಾಠ ಮಾಡಲು ಬಂದರು. ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ. ಬಣ್ಣದ ಪಾಠಕ್ಕೆ ಅವರು ಬಳಸಿದ್ದು ಬಣ್ಣದ ಕಾಗದದ ಚೂರುಗಳು. ಒಂದೇ ಬೂದು ಕಾಗದದಿಂದ ಎರಡು ಚೂರು ಕತ್ತರಿಸಿ, ಒಂದನ್ನು ಕಪ್ಪು ಹಾಳೆಯ ಮೇಲೆ, ಇನ್ನೊಂದನ್ನು ಬಿಳಿ ಹಾಳೆಯ ಮೇಲೆ ಇಟ್ಟು ನೋಡಿ. ಎರಡೂ ಒಂದೇ ಬೂದು ಅಂತ ಕಣ್ಣು ಒಪ್ಪುವುದೇ ಇಲ್ಲ. ಇದಕ್ಕೆ ದೊಡ್ಡ ಕಟ್ಟಡ ಬೇಕಾ? ರೂತ್ ಅಸಾವಾ, ರಾಬರ್ಟ್ ರೌಶೆನ್‌ಬರ್ಗ್ ಅವರಂಥ, ಮುಂದೆ ದೊಡ್ಡ ಹೆಸರು ಮಾಡಿದ ಕಲಾವಿದರು ಓದಿದ್ದು ಅಲ್ಲೇ. ದುಡ್ಡಿನ ಮುಗ್ಗಟ್ಟಿನಿಂದ ಆ ಕಾಲೇಜು 1957ರಲ್ಲಿ ಬಾಗಿಲು ಹಾಕಿತು, ಅದನ್ನೂ ಹೇಳಬೇಕಲ್ವಾ. ನಿಮ್ಮ ವಿಭಾಗ ನೀವು ಓದಿ ಮುಗಿಸುವವರೆಗೆ ಇರುತ್ತದಾ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಪದವಿಯ ಹೆಸರಿನ ಬಗ್ಗೆ ಒಂದೆರಡು ಮಾತು. ಅಮೆರಿಕದ ಮಾದರಿಯಲ್ಲಿ ಬಿಎಫ್ಎ (ಬ್ಯಾಚುಲರ್ ಆಫ್ ಫೈನ್ ಆರ್ಟ್ಸ್) ಅಂದರೆ ಓದಿನ ಸುಮಾರು ಮೂರನೇ ಎರಡು ಭಾಗ ಕಲೆಯೇ. ಬಿಎ ಆದರೆ ಮೂರನೇ ಒಂದು ಭಾಗ ಅಥವಾ ಸ್ವಲ್ಪ ಜಾಸ್ತಿ, ಉಳಿದದ್ದು ಬೇರೆ ವಿಷಯಗಳು. ಬಿಎ ಕಡಿಮೆ ಅಂತಲ್ಲ. ಮುಂದೆ ಎಂಎಫ್ಎಗೆ, ಅಂದರೆ ಕಲೆಯ ಸ್ನಾತಕೋತ್ತರ ಪದವಿಗೆ, ಅರ್ಜಿ ಹಾಕಿದಾಗ ಮೊದಲು ಕಣ್ಣಿಗೆ ಬೀಳುವುದು ಪೋರ್ಟ್‌ಫೋಲಿಯೊ, ನೀವು ಮಾಡಿದ ಕೆಲಸಗಳ ಸಂಗ್ರಹ.

ಸಣ್ಣ ವಿಭಾಗದ ನಿಜವಾದ ತೊಂದರೆ ಬೇರೆ. ಮೂರು ಅಥವಾ ನಾಲ್ಕು ವರ್ಷ ಅದೇ ಮೂರು ಜೊತೆ ಕಣ್ಣು ನಿಮ್ಮ ಕೆಲಸ ನೋಡುತ್ತವೆ. ಯಾರಿಗೆ ಯಾವ ನೀಲಿ ಇಷ್ಟ ಅಂತ ಎರಡನೇ ವರ್ಷಕ್ಕೆ ನಿಮಗೆ ಗೊತ್ತಾಗಿಬಿಡುತ್ತದೆ. ಕೈ ತಾನಾಗಿ ಅದೇ ನೀಲಿಯ ಕಡೆ ಹೋಗುತ್ತದೆ. ನನಗೂ ಹಾಗೇ ಆಯಿತು, ಗೊತ್ತಾಗಲು ಒಂದು ವರ್ಷ ಬೇಕಾಯಿತು. ಹೊರಗಿನ ಕಲಾವಿದರು ಬಂದು ಕ್ರಿಟ್ ಮಾಡುತ್ತಾರಾ, ಒಂದು ಸೆಮಿಸ್ಟರ್ ಬೇರೆ ಕಡೆ ಹೋಗಿ ಓದಲು ಬಿಡುತ್ತಾರಾ, ಇವನ್ನು ಅದಕ್ಕೇ ಕೇಳಬೇಕು.

ನೋಡಲು ಹೋದ ದಿನ ಕಚೇರಿಯಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ಕೊನೆಯ ವರ್ಷದವರ ಗೋಡೆಗಳ ಮುಂದೆ ನಿಲ್ಲಿ. ಹೆಸರು ಓದದೆ ಚಿತ್ರ ಮಾತ್ರ ನೋಡಿ. ಎಲ್ಲಾ ಒಬ್ಬರೇ ಬರೆದ ಹಾಗೆ ಕಂಡರೆ ಇನ್ನೊಂದು ವರ್ಷ ಕಾಯಿರಿ. ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕಂಡರೆ, ಬೀಗದ ಕೈ ಯಾರ ಹತ್ತಿರ ಸಿಗುತ್ತದೆ ಅಂತ ವಿಚಾರಿಸಿ.