ಪ್ರೌಢಶಾಲೆಯ ಕೊನೆಯ ಪೀರಿಯಡ್ ಎಲ್ಲಿ ಹೋಯಿತು?

ಶಾಲಾ ಮಕ್ಕಳ ಸಾಂಸ್ಕೃತಿಕ ಸ್ಪರ್ಧೆಯಾದ ಪ್ರತಿಭಾ ಕಾರಂಜಿಯ ಸುತ್ತೋಲೆ ಬಂದಾಗಲೆಲ್ಲ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರ ಕೊಠಡಿಯಲ್ಲಿ ಅದೇ ಪ್ರಶ್ನೆ ಏಳುತ್ತದೆ: ಹತ್ತನೆಯ ತರಗತಿಯವರನ್ನು ಕಳುಹಿಸಬೇಕೇ, ಬೇಡವೇ? ಪಾಠ ಹಿಂದೆ ಬೀಳುತ್ತದೆ ಎನ್ನುವವರ ಆತಂಕ ಸುಳ್ಳಲ್ಲ. ಮಕ್ಕಳು ಹಾಡಲಿ, ಕುಣಿಯಲಿ ಎನ್ನುವವರ ಆಸೆಯೂ ತಪ್ಪಲ್ಲ. ಪಾಠ ಮತ್ತು ಚಟುವಟಿಕೆ ಹೀಗೆ ಎದುರಾಳಿಗಳಾಗಿದ್ದು ಒಂದೇ ದಿನದಲ್ಲಿ ಅಲ್ಲ.

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ತೆರೆದ ಉಚಿತ ಶಾಲೆ, ಮುಂದೆ ಸೆಂಟ್ರಲ್ ಕಾಲೇಜಾಗಿ ಬೆಳೆದ 1858ರ ಬೆಂಗಳೂರು ಹೈಸ್ಕೂಲು, 1956ರಲ್ಲಿ ಬೇರೆ ಬೇರೆ ಆಡಳಿತಗಳ ಶಾಲೆಗಳೆಲ್ಲ ಒಂದೇ ರಾಜ್ಯದ ಇಲಾಖೆಗೆ ಸೇರಿದ್ದು: ಇಷ್ಟರಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಕಳೆಯಿತು. ಈ ನಡುವೆ ಹುಬ್ಬಳ್ಳಿಯ ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಸ್ವಯಂಸೇವಕರ ಸಂಘಟನೆ ಸೇವಾದಳ, 1948ರ ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್ ಶಾಲೆಯ ಅಂಗಳಕ್ಕೆ ಬಂದವು. ಆಟ, ಕೈಕಸುಬು, ವಿದ್ಯಾರ್ಥಿ ಸಂಘ ಇವೆಲ್ಲ ಶಿಕ್ಷಣದ ಒಳಗಿನವೇ ಎಂದು ಪ್ರೌಢಶಿಕ್ಷಣ ಕುರಿತ 1952-53ರ ಮುದಲಿಯಾರ್ ಆಯೋಗ ಸ್ಪಷ್ಟವಾಗಿಯೇ ಹೇಳಿತ್ತು.

ಪ್ರತಿಭಾ ಕಾರಂಜಿ ಬಂದದ್ದು ಈ ಶತಮಾನದ ಆರಂಭದಲ್ಲಿ. ಅದು ಕೊಟ್ಟದ್ದು ಸಣ್ಣದಲ್ಲ. ಕಂಠಪಾಠ, ಆಶುಭಾಷಣ, ಛದ್ಮವೇಷ, ಜನಪದ ಗೀತೆ, ಕೋಲಾಟ, ಕವ್ವಾಲಿ, ರಂಗೋಲಿ, ಮಣ್ಣಿನ ಮಾದರಿ ಹೀಗೆ ಹತ್ತಾರು ಬಾಗಿಲುಗಳು ತೆರೆದವು. ಊರಾಚೆ ಎಂದೂ ಹಾಡದ ಹುಡುಗಿ ತಾಲ್ಲೂಕು ಕೇಂದ್ರದ ವೇದಿಕೆಯಲ್ಲಿ ಮೈಕ್ ಹಿಡಿಯುವುದನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಕ್ಲಸ್ಟರ್ (ಅಕ್ಕಪಕ್ಕದ ಶಾಲೆಗಳ ಗುಂಪು), ತಾಲ್ಲೂಕು, ಜಿಲ್ಲೆ, ರಾಜ್ಯ ಎಂದು ಮೇಲೇರುವ ಏಣಿಯಲ್ಲಿ ಪ್ರತಿ ಮೆಟ್ಟಿಲಿನಲ್ಲೂ ಮಕ್ಕಳ ಸಂಖ್ಯೆ ಕುಗ್ಗುತ್ತದೆ. ಎಲ್ಲರೂ ಸೇರಿ ಮಾಡುತ್ತಿದ್ದದ್ದು ಗೆಲ್ಲಬಲ್ಲ ಕೆಲವರ ಪಾಲಾಯಿತು. ಅಭ್ಯಾಸವೂ ವರ್ಷವಿಡೀ ನಡೆಯದೆ ಸ್ಪರ್ಧೆಯ ಹಿಂದಿನ ವಾರಕ್ಕೆ ಬಂದು ನಿಂತಿತು.

ಇದೇ ಹೊತ್ತಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶವೇ ಶಾಲೆಯ ಅಳತೆಗೋಲಾಯಿತು. ಆರು ವಿಷಯಗಳಿಗೆ 625 ಅಂಕ. ದೈಹಿಕ ಶಿಕ್ಷಣ, ಚಿತ್ರಕಲೆಗಳಿಗೆ ಶ್ರೇಣಿ ಮಾತ್ರ. ಫಲಿತಾಂಶ ಕುಸಿದರೆ ಮುಖ್ಯ ಶಿಕ್ಷಕರಿಗೆ ನೋಟಿಸ್ ಬರುತ್ತದೆ; ಆಟದ ಅವಧಿ ನಡೆಯದಿದ್ದರೆ ಬರುವುದಿಲ್ಲ. ವೇಳಾಪಟ್ಟಿಯ ಕೊನೆಯ ಪೀರಿಯಡ್‌ನಲ್ಲಿ ಚೆಂಡಿನ ಬದಲು ಗಣಿತದ ಪ್ರಶ್ನೆಪತ್ರಿಕೆ ಹೊರಬಂದದ್ದು ಹೀಗೆ. ಡ್ರಾಯಿಂಗ್ ಮೇಷ್ಟ್ರು, ಪಿ.ಟಿ. ಮೇಷ್ಟ್ರು ನಿವೃತ್ತರಾದ ಎಷ್ಟೋ ಕಡೆ ಆ ಹುದ್ದೆ ಖಾಲಿಯೇ ಉಳಿಯಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಠ್ಯ, ಸಹಪಠ್ಯ ಎಂಬ ಗೆರೆ ಅಳಿಸಬೇಕು ಎಂದಿತು. ಮುದಲಿಯಾರ್ ಆಯೋಗದ ಮಾತೇ ಏಳು ದಶಕಗಳಾಚೆ ಮತ್ತೆ ಕೇಳಿದಂತಾಯಿತು.

ಹಳ್ಳಿಯ ಶಾಲೆಗಳಲ್ಲಿ ಇನ್ನೊಂದು ತೊಡಕಿದೆ. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಬಂದ ಮೇಲೆ ಶಾಲೆ ಬಿಟ್ಟ ನಂತರವೂ ಅಭ್ಯಾಸಕ್ಕೆಂದು ಒಂದು ಗಂಟೆ ನಿಲ್ಲುವ ಅನುಕೂಲ ಅನೇಕ ಮಕ್ಕಳಿಗೆ ಸಿಕ್ಕಿತ್ತು. ಕೋವಿಡ್ ಕಾಲದಲ್ಲಿ ಸೈಕಲ್ ವಿತರಣೆ ನಿಂತಿತು. ಸಂಜೆಯ ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡ ಮೇಲೆಯೇ ಅಲ್ಲೀಗ ಕೋಲಾಟದ ಕೋಲು ಕೈಗೆ ಬರುತ್ತದೆ.