ಕಡಲಿಗೊಂದು ರಹದಾರಿ

ಅಕ್ಬರನ ಸೋದರತ್ತೆ ಗುಲ್ಬದನ್ ಬೇಗಂ 1575ರಲ್ಲಿ ಅಂತಃಪುರದ ಹಿರಿಯ ಹೆಂಗಸರೊಡನೆ ಫತೇಪುರ್ ಸಿಕ್ರಿಯಿಂದ ಮೆಕ್ಕಾ ಯಾತ್ರೆಗೆ ಹೊರಟು ಸೂರತ್ತಿಗೆ ಬಂದಳು. ಹಡಗಿಗೂ ಹಣಕ್ಕೂ ಅಲ್ಲಿ ಕೊರತೆಯಿರಲಿಲ್ಲ. ಎರಡು ವರ್ಷದ ಹಿಂದಷ್ಟೇ ಗುಜರಾತನ್ನು ಗೆದ್ದಿದ್ದ ಚಕ್ರವರ್ತಿಯ ಹೆಸರೇ ಬೆನ್ನಿಗಿತ್ತು. ಆದರೂ ಪೋರ್ಚುಗೀಸರಿಂದ ಒಂದು ಕಾಗದ ಬರುವವರೆಗೆ ಆಕೆಯ ಪರಿವಾರ ಬಂದರಿನಲ್ಲೇ ಕಾಯಬೇಕಾಯಿತು, ಹಡಗು ಕಡಲಿಗಿಳಿದದ್ದು ಮರುವರ್ಷ. ಆ ಕಾಗದವನ್ನು ಪೋರ್ಚುಗೀಸರು ಕಾರ್ತಾಜ್ ಎನ್ನುತ್ತಿದ್ದರು. ನಮ್ಮ ಲೆಕ್ಕದಲ್ಲಿ ಅದು ರಹದಾರಿ. ನೆಲದ ಮೇಲಿನ ಸುಂಕದ ಕಟ್ಟೆಗೆ ಒಪ್ಪುವ ಇಂಥದೊಂದು ವಸ್ತು ನಡುಗಡಲಿಗೆ ಹೇಗೆ ಬಂತು ಎಂಬುದರ ಕಥೆಯಲ್ಲಿ ಕನ್ನಡ ಕರಾವಳಿಯ ಪಾಲೂ ಸಾಕಷ್ಟಿದೆ.

ಪೋರ್ಚುಗೀಸರು ಬರುವ ಮುನ್ನ ಹಿಂದೂ ಮಹಾಸಾಗರದಲ್ಲಿ ಬಲವಂತವೇ ಇರಲಿಲ್ಲ ಎಂದು ಬರೆಯುವ ರೂಢಿಯುಂಟು. ಅದು ಪೂರ್ತಿ ನಿಜವಲ್ಲ. 1342ರ ಸುಮಾರಿಗೆ ಈ ತೀರದಲ್ಲಿ ಪಯಣಿಸಿದ ಇಬ್ನ್ ಬತೂತಾ ಬಾರಕೂರಿನಲ್ಲಿ ಕಂಡದ್ದನ್ನು ದಾಖಲಿಸಿದ್ದಾನೆ. ಅಲ್ಲಿನ ಅರಸನಿಗೆ ಮೂವತ್ತರಷ್ಟು ಯುದ್ಧನೌಕೆಗಳಿದ್ದವು, ಅವುಗಳ ದಳಪತಿ ಒಬ್ಬ ಮುಸಲ್ಮಾನ. ಊರನ್ನು ಹಾದುಹೋಗುವ ಪ್ರತಿ ಹಡಗೂ ಲಂಗರು ಹಾಕಿ ಅರಸನಿಗೆ ಕಾಣಿಕೆ ಒಪ್ಪಿಸಬೇಕು, ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ಕೊಡದೆ ಜಾರಿಕೊಂಡವರನ್ನು ಅಟ್ಟಿಸಿಕೊಂಡು ಹೋಗಿ, ಹಿಡಿದು ತಂದು, ಇಮ್ಮಡಿ ಸುಂಕ ಹಾಕಿ, ಮನಸ್ಸಿಗೆ ಬಂದಷ್ಟು ದಿನ ಹಡಗನ್ನು ತಡೆದಿಡುತ್ತಿದ್ದರು. ಹೀಗೆ ಬಂದರಿನ ಅರಸರು ತಮ್ಮ ಕಣ್ಣಳತೆಯ ನೀರಿನ ಮೇಲೆ ಅಧಿಕಾರ ನಡೆಸುತ್ತಿದ್ದರು. ಆದರೆ ಬಾರಕೂರಿನ ಅರಸನಾಗಲಿ ಕಲ್ಲಿಕೋಟೆಯ ಸಾಮೂದಿರಿಯಾಗಲಿ ಏಡನ್‌ನಿಂದ ಮಲಾಕ್ಕಾದವರೆಗಿನ ಕಡಲೆಲ್ಲ ತನ್ನದೆಂದು ಹೇಳಿಕೊಂಡವರಲ್ಲ.

ಆ ಮಾತನ್ನು ಹೇಳಿದವರು ಪೋರ್ಚುಗೀಸರು. 1498ರಲ್ಲಿ ಕಲ್ಲಿಕೋಟೆಗೆ ಬಂದ ವಾಸ್ಕೊ ಡ ಗಾಮ ಎರಡನೆಯ ಸಲ, 1502ರಲ್ಲಿ, ತೋಪುಗಳನ್ನು ಹೇರಿಕೊಂಡು ಬಂದ. ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗೊಂದನ್ನು ಆತ ಜನರ ಸಮೇತ ಸುಟ್ಟದ್ದು ಆ ಯಾನದಲ್ಲೇ. ಭಟ್ಕಳದ ಅರಸನಿಂದ ವರ್ಷವರ್ಷವೂ ಅಕ್ಕಿಯ ಕಪ್ಪ ಒಪ್ಪಿಸಿಕೊಂಡದ್ದೂ ಆಗಲೇ. ರಹದಾರಿ ಪದ್ಧತಿಯ ಆರಂಭವನ್ನೂ ಇದೇ ವರ್ಷಕ್ಕೆ ಗುರುತಿಸುತ್ತಾರೆ. ಕಾಗದದಲ್ಲಿ ಹಡಗಿನ ಹೆಸರು, ನಾಖುದಾ ಎಂದರೆ ಹಡಗಿನ ನಾಯಕನ ಹೆಸರು, ಹಡಗಿನ ಗಾತ್ರ, ಅದರಲ್ಲಿರುವ ಆಯುಧಗಳು, ಹೋಗುವ ಊರು ಎಲ್ಲವನ್ನೂ ನಮೂದಿಸುತ್ತಿದ್ದರು. ಮೆಣಸು ಮೊದಲಾದ ಸಂಬಾರ ಪದಾರ್ಥ, ಕುದುರೆ, ಕಬ್ಬಿಣ, ಮದ್ದುಗುಂಡುಗಳನ್ನು ಹೇರುವಂತಿರಲಿಲ್ಲ, ತುರ್ಕರನ್ನು ಹತ್ತಿಸಿಕೊಳ್ಳುವಂತಿರಲಿಲ್ಲ. ಕಾಗದಕ್ಕೆ ತೆರಬೇಕಾದ ಹಣ ಅಲ್ಪ. ನಿಜವಾದ ಗಳಿಕೆಯಿದ್ದದ್ದು, ಹಡಗು ಗೋವಾವನ್ನೋ ಹೋರ್ಮುಜ್ ಅನ್ನೋ ಇನ್ನೊಂದು ಪೋರ್ಚುಗೀಸ್ ಬಂದರನ್ನೋ ಹೊಕ್ಕು ಸುಂಕ ಕಟ್ಟಲೇಬೇಕೆಂಬ ಷರತ್ತಿನಲ್ಲಿ. ಕಾಗದವಿಲ್ಲದ ಹಡಗಿನ ಸರಕು ಜಪ್ತಿಯಾಗುತ್ತಿತ್ತು.

ಇದಕ್ಕೆ ಸಮರ್ಥನೆಯೂ ಬೇಕಿತ್ತಲ್ಲ. ಪೋರ್ಚುಗೀಸ್ ಇತಿಹಾಸಕಾರ ಜೊವಾವ್ ದ ಬಾರೋಸ್ ಅದನ್ನು ಸಂಕೋಚವಿಲ್ಲದೆ ಒದಗಿಸಿದ. ಕಡಲು ಎಲ್ಲರಿಗೂ ಸಮಾನ ಎಂಬ ನ್ಯಾಯ ಯುರೋಪಿನ ಕ್ರೈಸ್ತರೊಳಗಿನದು, ಆ ಧರ್ಮದ ಹೊರಗಿರುವ ಮುಸಲ್ಮಾನರಿಗೂ ಹಿಂದೂಗಳಿಗೂ ಅದು ಅನ್ವಯಿಸದು, ಮೇಲಾಗಿ ತಾವು ಬರುವ ಮುಂಚೆ ಈ ಕಡಲನ್ನು ಯಾರೂ ತಮ್ಮ ಸ್ವತ್ತೆಂದು ಹಿಡಿದಿರಲಿಲ್ಲ ಎಂಬುದು ಅವನ ವಾದದ ಸಾರ. ಯಾರೂ ಬೇಲಿ ಹಾಕಿರದ ಗೋಮಾಳಕ್ಕೆ ಬೇಲಿ ಹಾಕಿದವನು, ಬೇಲಿ ಇಲ್ಲದಿದ್ದುದನ್ನೇ ತನ್ನ ಹಕ್ಕುಪತ್ರವಾಗಿ ತೋರಿಸಿದಂತಾಯಿತು.

ಕನ್ನಡ ಕರಾವಳಿ ಈ ವ್ಯವಸ್ಥೆಗೆ ಬರೀ ಬಲಿಯಾಗಿರಲಿಲ್ಲ. 1510ರಲ್ಲಿ ಗೋವಾದ ಮೇಲೆ ಬೀಳುವಂತೆ ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್‌ನಿಗೆ ಸಲಹೆ ಕೊಟ್ಟು ತನ್ನ ಹಡಗುಗಳೊಡನೆ ಜೊತೆಗೂಡಿದವನು ಹೊನ್ನಾವರದ ತಿಮ್ಮೋಜ. ವಿಜಯನಗರಕ್ಕೆ ಕಡಲಿನ ದಾರಿಯಿಂದ ಬೇಕಿದ್ದದ್ದು ಮುಖ್ಯವಾಗಿ ಕುದುರೆ. ಅರಬ್ಬೀ ಕುದುರೆಗಳು ಬಿಜಾಪುರದ ಪಾಲಾಗದೆ ತನ್ನ ಲಾಯಕ್ಕೇ ಬರುವುದಾದರೆ ಅವು ಯಾರ ಹಡಗಿನಲ್ಲಿ ಬಂದವು ಎಂಬ ಚಿಂತೆ ಅದಕ್ಕಿರಲಿಲ್ಲ. ಗೋವಾದ ಕುದುರೆಗಳು ವಿಜಯನಗರಕ್ಕೆ ಮಾತ್ರ ಎಂಬ ಕರಾರು 1547ರ ಒಪ್ಪಂದದಲ್ಲಿದೆ. ಇತ್ತ ಗೋವಾಕ್ಕೆ ತನ್ನ ಗದ್ದೆಗಳ ಬೆಳೆ ಊಟಕ್ಕೆ ಸಾಲುತ್ತಿರಲಿಲ್ಲ. ಬಸರೂರು, ಮಂಗಳೂರು, ಹೊನ್ನಾವರಗಳ ಅಕ್ಕಿ ಬೆಂಗಾವಲಿನ ಹಡಗುಗಳ ನಡುವೆ ಸಾಲುಗಟ್ಟಿ ಗೋವಾಕ್ಕೆ ಹೋಗಬೇಕಿತ್ತು. ಕಡಲಿಗೆಲ್ಲ ರಹದಾರಿ ಬರೆದುಕೊಡುತ್ತಿದ್ದವರ ಅನ್ನದ ಬಟ್ಟಲು ಕನ್ನಡ ಜಿಲ್ಲೆಯ ಗದ್ದೆಗಳಲ್ಲಿತ್ತು. 1568–69ರಲ್ಲಿ ಈ ಮೂರು ಊರುಗಳಲ್ಲಿ ಅವರು ನೆಲೆಯೂರಿದ್ದಕ್ಕೆ ಮೆಣಸಿನಷ್ಟೇ ಅಕ್ಕಿಯೂ ಕಾರಣ ಎಂದು ನನಗನ್ನಿಸುತ್ತದೆ. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಆ ಕೋಟೆಗಳನ್ನು ಕಿತ್ತುಕೊಂಡ.

ಮೊಗಲರಿಗೆ ಇದು ವ್ಯಾಪಾರದ ಆಚೆಗಿನ ಮುಜುಗರವಾಗಿತ್ತು. ಹಜ್ ಯಾತ್ರೆ ಈಗ ಕಡ್ಡಾಯವಲ್ಲ ಎಂದು ಆಸ್ಥಾನದ ಹಿರಿಯ ಧರ್ಮಪಂಡಿತ ಮಖ್ದೂಮ್ ಉಲ್ ಮುಲ್ಕ್ ಫತ್ವಾ ಕೊಟ್ಟದ್ದನ್ನು ಅಕ್ಬರನ ಕಾಲದ ಇತಿಹಾಸಕಾರ ಬದಾಯೂನಿ ಬರೆದಿದ್ದಾನೆ. ನೆಲದ ದಾರಿಯಲ್ಲಿ ಇರಾನಿನ ಶಿಯಾಗಳ ಕಾಟ, ಕಡಲ ದಾರಿಯಲ್ಲಿ ಮೇರಿ ಮತ್ತು ಯೇಸುವಿನ ಚಿತ್ರವಿರುವ ರಹದಾರಿ. ಅದನ್ನು ಒಪ್ಪಿಕೊಂಡರೆ ವಿಗ್ರಹಾರಾಧನೆಗೆ ತಲೆಬಾಗಿದಂತೆ ಎಂಬುದು ಆತನ ಕಾರಣ. ಅಕ್ಬರ ಅಷ್ಟು ದೂರ ಹೋಗದೆ, ವರ್ಷಕ್ಕೊಂದು ಹಡಗಿಗೆ ಉಚಿತ ರಹದಾರಿ ಎಂಬ ಏರ್ಪಾಟಿಗೆ ಒಪ್ಪಿದ. ಆ ಏರ್ಪಾಟಿನ ಬೆಲೆ ತಿಳಿದದ್ದು 1613ರಲ್ಲಿ, ಜಹಾಂಗೀರನ ತಾಯಿಯ ‘ರಹೀಮಿ’ ಹಡಗನ್ನು, ರಹದಾರಿ ಇದ್ದರೂ, ನೂರಾರು ಪ್ರಯಾಣಿಕರ ಸಮೇತ ಪೋರ್ಚುಗೀಸರು ಹಿಡಿದೊಯ್ದಾಗ. ಜಹಾಂಗೀರ ಚರ್ಚುಗಳನ್ನು ಮುಚ್ಚಿಸಿ ಪೋರ್ಚುಗೀಸರ ವಶದಲ್ಲಿದ್ದ ದಮನಿಗೆ ಮುತ್ತಿಗೆ ಹಾಕಿಸಿದ. ಸೂರತ್ತಿನಲ್ಲಿ ಕಾಲೂರಲು ಹವಣಿಸುತ್ತಿದ್ದ ಇಂಗ್ಲಿಷರಿಗೆ ಇದರಿಂದ ಅನುಕೂಲವೇ ಆಯಿತು.

ಇಷ್ಟರಲ್ಲಿ ಯುರೋಪಿನಲ್ಲೇ ಬಾರೋಸ್‌ನ ವಾದಕ್ಕೆ ಎದುರಾಳಿ ಹುಟ್ಟಿದ್ದ. 1603ರಲ್ಲಿ ಡಚ್ಚರು ಸಿಂಗಪುರದ ಬಳಿ ‘ಸಾಂತಾ ಕತರೀನಾ’ ಎಂಬ ಪೋರ್ಚುಗೀಸ್ ಹಡಗನ್ನು ಹಿಡಿದರು. ಆ ಹಿಡಿತವನ್ನು ಸಮರ್ಥಿಸುವ ಕೆಲಸ ವಕೀಲ ಹ್ಯೂಗೋ ಗ್ರೋಶಿಯಸ್‌ನ ಪಾಲಿಗೆ ಬಂತು. ಅದರಿಂದ ಮೂಡಿ 1609ರಲ್ಲಿ ಪ್ರಕಟವಾದ ಅವನ ‘ಮಾರೆ ಲಿಬೆರುಮ್’, ಕಡಲು ಗಾಳಿಯಂತೆ ಯಾರ ವಶಕ್ಕೂ ಸಿಗದ ವಸ್ತು ಎಂದು ವಾದಿಸಿತು. ಕಡಲಿನ ಸ್ವಾತಂತ್ರ್ಯದ ಈ ಘೋಷಣೆ ಒಂದು ವ್ಯಾಪಾರಿ ಕಂಪನಿಯ ಕೊಳ್ಳೆಯನ್ನು ಸಮರ್ಥಿಸಲು ಹುಟ್ಟಿತೆಂಬುದನ್ನು ಮರೆಯಬಾರದು. 1613ರಲ್ಲಿ ಲಂಡನ್ನಿನ ಮಾತುಕತೆಯಲ್ಲಿ, ಪೂರ್ವದ ದ್ವೀಪಗಳ ವ್ಯಾಪಾರ ತಮ್ಮೊಬ್ಬರದೇ ಎಂದ ಡಚ್ ನಿಯೋಗದ ಮುಂದೆ ಇಂಗ್ಲಿಷರು ಇದೇ ಗ್ರಂಥದ ಮಾತುಗಳನ್ನು ಉಲ್ಲೇಖಿಸಿದರು. ಆ ನಿಯೋಗದಲ್ಲಿ ಗ್ರೋಶಿಯಸ್‌ನೂ ಇದ್ದ. 1663ರಲ್ಲಿ ಕೊಚ್ಚಿಯನ್ನು ಗೆದ್ದ ಮೇಲೆ ಡಚ್ಚರು ಮಲಬಾರಿನ ಹಡಗುಗಳಿಗೆ ತಾವೇ ರಹದಾರಿ ಕೊಡತೊಡಗಿದರು. ಇಂಗ್ಲಿಷರೂ ಹಿಂದೆ ಬೀಳಲಿಲ್ಲ.

ಹದಿನೆಂಟನೆಯ ಶತಮಾನದ ಮೊದಲಿಗೆ ಕೊಂಕಣ ತೀರದಲ್ಲಿ ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆ ‘ದಸ್ತಕ’ ಎಂಬ ತನ್ನದೇ ರಹದಾರಿಯನ್ನು ಜಾರಿಗೆ ತಂದು, ಅದನ್ನು ಪಡೆಯದ ಹಡಗುಗಳನ್ನು ಹಿಡಿಯತೊಡಗಿದ. ಎರಡು ಶತಮಾನ ಯುರೋಪಿನವರು ಮಾಡಿದ್ದನ್ನೇ ಇಲ್ಲಿನವನೊಬ್ಬ ಮಾಡಿದಾಗ ಮುಂಬಯಿಯ ಇಂಗ್ಲಿಷರು ಅವನನ್ನು ಕಡಲ್ಗಳ್ಳನೆಂದು ಕರೆದರು. ಕಾನ್ಹೋಜಿ 1729ರಲ್ಲಿ ತೀರಿಕೊಂಡ. ಅವನ ಮನೆತನದ ವಿಜಯದುರ್ಗವನ್ನು 1756ರಲ್ಲಿ ಇಂಗ್ಲಿಷ್ ಸೇನಾನಿಗಳಾದ ವಾಟ್ಸನ್ ಮತ್ತು ಕ್ಲೈವ್ ವಶಪಡಿಸಿಕೊಂಡು, ಬಂದರಿನಲ್ಲಿದ್ದ ಆಂಗ್ರೆಯ ನೌಕೆಗಳನ್ನು ಸುಟ್ಟುಹಾಕಿದರು. ಅಲ್ಲಿಂದಾಚೆ ಈ ತೀರದ ಹಾಯಿಹಡಗುಗಳಿಗೆ ಲೆಕ್ಕಕ್ಕಿದ್ದ ರಹದಾರಿ ಇಂಗ್ಲಿಷರದು.